ಕೋಲ್ ಬಿಷಪ್ ಬ್ಯಾಂಡಿನ ನಿಧಾನಸ್ಥ ಡ್ರಮ್ಮರ್

ಹಮ್ರಿಯಾ, ಮಸ್ಕತ್
9 ಜನವರಿ 2025

ಮಹಾರಾಜರಾಜಶ್ರೀ ಆಂಡ್ರ್ಯೂ ಪಿಂಟೋ ಅವರಿಗೆ,

ಒಮಾನಿನ ಸಮಸ್ತ ನಾಗರಿಕರಿಗೂ ಅನಿವಾಸಿಗಳಿಗೂ ಒಂಟೆಗಳಿಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ನನ್ನ ಹೆಸರಿನಲ್ಲಿರುವ ಬಿಳಿಯ ಕಾರು ರಸ್ತೆಗಿಳಿದು ಇಂದಿಗೆ ಹನ್ನೆರಡು ವರ್ಷ ತುಂಬಿತು. ಈ ಸುದೀರ್ಘ ಸಾರ್ವಜನಿಕ ಜೀವನದಲ್ಲಿ ಒಂದೇ ಒಂದು ರಡಾರ್ ಕ್ಯಾಮೆರಾವೂ ಅದರತ್ತ ಕಣ್ಣು ಮಿಟುಕಿಸಿಲ್ಲ. ಇದರ ಸ್ಮರಣಾರ್ಥ ನಾನೊಬ್ಬನೇ ಎರಡು ಮೈಸೂರು ಪಾಕು ತಿಂದೆ. ಹೆಂಡತಿ ಸರಸ್ವತಿ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿರುವುದರಿಂದ ಲೆಕ್ಕ ಕೇಳುವವರಿಲ್ಲ.

ನಿಮ್ಮ ಗಾಡಿ ಗ್ಯಾರೇಜಿನಲ್ಲಿ ಮಲಗಿದೆ ಎಂದಾಗ ಈ ಪತಿವ್ರತೆಯನ್ನು ನಿಮ್ಮ ಕೈಗೇ ಕೊಟ್ಟೆ. ನಂಬಿಕೆಗೆ ಕಾರಣವಿದೆ. ನಿಜ್ವಾಕ್ಕೆ ಹೋಗುವ ಮೊದಲು ನನ್ನ ತಲೆಯ ಮೇಲಿನ ಫ್ಲಾಟಿನಲ್ಲಿ ನೀವು ಅಷ್ಟು ವರ್ಷ ಇದ್ದಿರಿ, ಒಂದು ದಿನವೂ ಹೆಜ್ಜೆಯ ಸದ್ದು ಕೇಳಲಿಲ್ಲ. ನೂರಿಪ್ಪತ್ತರ ರಸ್ತೆಯಲ್ಲಿ ಎಂಬತ್ತಕ್ಕೆ ಹೋಗುವವರು. ನೀವು ಹಾಡಿಸುವ ಚರ್ಚಿನ ಹಾಡು ಮುಗಿಯುವಷ್ಟರಲ್ಲಿ ಮುಂದಿನ ಪೂಜೆಯವರು ಬಂದು ನಿಂತಿರುತ್ತಾರಂತೆ.

ಆದ್ದರಿಂದಲೇ ಮೊನ್ನೆ ಮೆಟ್ಟಿಲ ಮೇಲೆ, ಈಗ ಆ ಫ್ಲಾಟಿನಲ್ಲಿರುವ ನಿಮ್ಮ ಮಗಳು ಗ್ಲೋರಿಯಾ ಹೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಬದನೆಕಾಯಿ ಉರುಳಿಹೋಯಿತು. "ಅಂಕಲ್, ಡ್ಯಾಡಿ ಇಂಗ್ಲೆಂಡಲ್ಲಿ ಡ್ರಮ್ಮರ್ ಆಗಿದ್ರು. ಸ್ಪೀಡ್ ಮೆಟಲ್, ತುಂಬಾ ಫಾಸ್ಟ್ ರಾಕ್ ಮ್ಯೂಸಿಕ್! ಅವರ ಬ್ಯಾಂಡಿನ ಗಿಟಾರಿಸ್ಟ್ ಈಗ ಇಮೇಲ್ ಮಾಡಿದಾರೆ, ಹಡಗಲ್ಲಿ ಮತ್ರಾ ಬಂದರಿಗೆ ಬರ್ತಾರಂತೆ." ನಾನು ಕೇಳಿದೆ: "ಯಾರಮ್ಮ, ನಮ್ಮ ಆಂಡ್ರ್ಯೂನೇ? ಸ್ಪೀಡೇ?"

ಸಂಘದ ಪತ್ರಿಕೆಯಲ್ಲಿ ಹಾಸ್ಯ ಅಂಕಣ ಬರೆಯುವ ನಾನು ಸುಳ್ಳಿನ ವಾಸನೆಯನ್ನು ದೂರದಿಂದಲೇ ಹಿಡಿಯುತ್ತೇನೆ. ಇಲ್ಲಿ ಎರಡು ಸುಳ್ಳುಗಳಿರಬಹುದು: ಒಂದು ಆ ಇಂಗ್ಲಿಷಿನವನದು, ಇನ್ನೊಂದು ನಿಮ್ಮದು. ಆದ್ದರಿಂದ ಪರಿಶೀಲನಾ ಸಮಿತಿಯೊಂದನ್ನು ರಚಿಸಿದ್ದೇನೆ. ಅಧ್ಯಕ್ಷ ನಾನು, ಸದಸ್ಯರು ನಾನು. ಸಮಿತಿಯ ಮೊದಲ ಆಜ್ಞೆ: ಈ ವಿಷಯ ಫೋನಿನಲ್ಲಿ ಬೇಡ. ಆಫೀಸಿನ ಸಾಗರನ ವಾಟ್ಸಾಪಿಗೆ ಕಳ್ಳರು ನುಗ್ಗಿ ಅವನ ಹೆಸರಲ್ಲಿ ಎಲ್ಲರಿಗೂ "ಹೇಗಿದ್ದೀರಿ ಬ್ರದರ್" ಎಂದು ಕಳಿಸಿದ್ದು ಮರೆತಿರಾ? ಕಾಗದದಲ್ಲಿ ಬರೆಯಿರಿ. ನಿಜ್ವಾಕ್ಕೆ ತರಕಾರಿ ಒಯ್ಯುವ ಕುಂಞಮ್ಮದ್‌ನ ಪಿಕಪ್ಪಿನಲ್ಲಿ ಅಂಚೆ ನಡೆಯಲಿ. ಟೊಮೆಟೊ ಬುಟ್ಟಿಯನ್ನು ಯಾವ ಹ್ಯಾಕರನೂ ತೆರೆಯಲಾರ.

ಇತಿ,
ಶ್ರೀನಿವಾಸಮೂರ್ತಿ


ನಿಜ್ವಾ
14 ಜನವರಿ 2025

ಪ್ರಿಯ ಮೂರ್ತಿಯವರೇ,

ಕಾಗದಕ್ಕೆ ಟೊಮೆಟೊ ರಸ ತಾಗಿ ನಿಮ್ಮ ಸಹಿ ಅರ್ಧ ಹೋಗಿದೆ. ಒಳ್ಳೆಯದೇ ಆಯಿತು.

ಗ್ಲೋರಿಯಾಳಿಗೆ ಬಾಯಿ ಜಾಸ್ತಿ. ಆದರೆ ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ಶಿರ್ವದಲ್ಲಿ ಹೈಸ್ಕೂಲು ಮುಗಿಸಿ ನಾನು ವುಲ್ವರ್‌ಹ್ಯಾಂಪ್ಟನ್ನಿನಲ್ಲಿದ್ದ ನರ್ಸ್ ಚಿಕ್ಕಮ್ಮನ ಮನೆಗೆ ಹೋದೆ. ಬೀಗದ ಕಾರ್ಖಾನೆಯಲ್ಲಿ ಕೆಲಸ. ಪಕ್ಕದ ಮೇಜಿನವ ಕ್ರಿಸ್ಟೋಫರ್. ಅವನದು ಗಿಟಾರು. ಬ್ಯಾಂಡಿನ ಹೆಸರು ಕೋಲ್ ಬಿಷಪ್. ಅರ್ಥ ಕೇಳಬೇಡಿ. ಅವನ ಅಜ್ಜ ಕಲ್ಲಿದ್ದಲು ಗಣಿಯವ, ಅಜ್ಜಿ ಚರ್ಚು ಬಿಟ್ಟು ಬೇರೆ ಕಡೆ ಹೋಗದವಳು. ಎರಡನ್ನೂ ಸೇರಿಸಿದ, ಅಷ್ಟೇ.

ಮೀನು ಕರಿಯುವ ಅಂಗಡಿಯ ಹಿಂದೆ ನಮ್ಮ ಪ್ರಾಕ್ಟೀಸು. ಎಂಬತ್ತರಲ್ಲಿ ಒಂದು ಸಿಂಗಲ್, ಎಂಬತ್ತೊಂದರಲ್ಲಿ 'ಲಾಸ್ಟ್ ಬಸ್ ಟು ಡಡ್ಲಿ' ಎಂಬ ಆಲ್ಬಮ್. ಆಗ ಅಷ್ಟು ಫಾಸ್ಟಾಗಿ ಬಾರಿಸುವವರು ಅಲ್ಲಿ ಕಡಿಮೆ. ಒಂದು ಪತ್ರಿಕೆಯವ, ಚರ್ಚಿನ ಆರ್ಗನ್ನು ಮೆಟ್ಟಿಲಲ್ಲಿ ಉರುಳಿದ ಹಾಗೆ ಉಂಟು ಅಂತ ಬರೆದ. ನಮಗೆ ಅದು ದೊಡ್ಡ ಹೊಗಳಿಕೆ. ಬ್ರೆಡ್ಡಿನ ವ್ಯಾನಿನಲ್ಲಿ ಊರೂರು ತಿರುಗಿದೆವು. ಶರ್ಟಿನ ತುಂಬ ಹಿಟ್ಟು. ಹಾಲೆಂಡಿಗೂ ಒಮ್ಮೆ ಹೋದೆವು. ಅಲ್ಲಿ ಜನ ಕುರ್ಚಿ ಮುರಿದರು, ಸಂತೋಷಕ್ಕೆ.

ಎಂಬತ್ತಮೂರರಲ್ಲಿ ತಂಗಿಯ ಮದುವೆಗೆ ಊರಿಗೆ ಬಂದೆ. ವಾಪಸು ಹೋಗಲು ವೀಸಾ ಸಿಗಲಿಲ್ಲ. ನಾನಿಲ್ಲದೆ ಅವರು ಇನ್ನೆರಡು ರೆಕಾರ್ಡು ಮಾಡಿದರಂತೆ, ನಿಧಾನದ್ದು. ಯಾರೂ ಕೊಳ್ಳಲಿಲ್ಲ. ಬ್ಯಾಂಡ್ ಒಡೆಯಿತು. ಎಷ್ಟೋ ವರ್ಷದ ಮೇಲೆ ಅಮೆರಿಕದ ಹುಡುಗರು ನಮ್ಮ ಆ ಮೊದಲ ಆಲ್ಬಮ್ ಕೇಳಿಯೇ ಕಲಿತೆವು ಅಂತ ಹೇಳಿದ ಮೇಲೆ ಅದಕ್ಕೆ ಬೆಲೆ ಬಂತು. ಆಗ ನಾನು ಇಲ್ಲಿ ಎ.ಸಿ. ಕಂಪನಿಯ ಸ್ಟೋರಿನಲ್ಲಿ ಫಿಲ್ಟರ್ ಎಣಿಸುತ್ತಾ ಇದ್ದೆ.

ಇಮೇಲ್ ಕ್ರಿಸ್‌ನದೇ ಹೌದಾ ಅಂತ ನನಗೂ ಸಂಶಯ ಉಂಟು. ಕ್ರಿಸ್ಮಸ್ಸಿಗೆ ನಿಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ನಾನು ಬಕೆಟ್ ಬಾರಿಸಿದ ವಿಡಿಯೋ ಗ್ಲೋರಿಯಾ ಹಾಕಿದ್ದಳಲ್ಲ, ಅದನ್ನು ನೋಡಿ ಗುರುತು ಹಿಡಿದನಂತೆ. ಬೋಳುತಲೆಯನ್ನು ನೋಡಿಯಾ? ಆಗ ನನಗೆ ಸೊಂಟದವರೆಗೆ ಕೂದಲು.

ನಿಮ್ಮ,
ಆಂಡ್ರ್ಯೂ


ಹಮ್ರಿಯಾ
19 ಜನವರಿ 2025

ಸನ್ಮಾನ್ಯ ಆರೋಪಿಗಳೇ,

ಸೊಂಟದವರೆಗೆ ಕೂದಲು! ಈ ಸಾಲನ್ನು ಓದಿ ಸಮಿತಿಯು ಕೆಲಕಾಲ ಸಭೆಯನ್ನು ಮುಂದೂಡಿತು.

ವಿಚಾರಣೆ ಮುಂದುವರಿದಿದೆ. ಮೊದಲು ಆ ಇಂಗ್ಲಿಷಿನವನ ಮಾತು. ಗ್ಲೋರಿಯಾ ಹೇಳಿದಂತೆ ಅವನು ಬರೆದಿರುವ ಸಂಗತಿಗಳೆಲ್ಲ, ವ್ಯಾನು, ಹಾಲೆಂಡು, ಮುರಿದ ಕುರ್ಚಿ, ಇಂಟರ್ನೆಟ್ಟಿನಲ್ಲಿವೆ. ನಾನೇ ಹುಡುಕಿ ಓದಿದೆ. ನಾನೂ ಈಗ ಕ್ರಿಸ್ಟೋಫರ್ ಎಂದು ಹೇಳಿಕೊಂಡು ನಿಮಗೆ ಇಮೇಲ್ ಬರೆಯಬಲ್ಲೆ. ಬರೆದಿಲ್ಲ, ಆಣೆಗೂ. ಅಲ್ಲದೆ ಅವನು ಏನನ್ನೂ ಕೇಳಿಲ್ಲವಂತೆ, ಒಂದು ದಿನ ನೋಡಬೇಕು ಎಂದಷ್ಟೇ ಬರೆದಿದ್ದಾನೆ. ಇದೇ ಅತ್ಯಂತ ಅನುಮಾನಾಸ್ಪದ. ಏನನ್ನೂ ಕೇಳದ ಅಪರಿಚಿತನನ್ನು ಗಲ್ಫಿನಲ್ಲಿ ನಾನು ಇದುವರೆಗೆ ಕಂಡಿಲ್ಲ.

ಇನ್ನು ತಮ್ಮ ವಿಚಾರ. ಅಲ್ಲೇ ಸಿಕ್ಕಿದ ಬ್ಯಾಂಡಿನ ಪಟದಲ್ಲಿ 'ಆಂಡಿ ಪಿಂಟ್' ಎಂಬೊಬ್ಬನಿದ್ದಾನೆ. ಮುಖದ ಮುಂದೆ ಬರೀ ಕೂದಲು. ಅದು ತಾವೂ ಇರಬಹುದು, ನಮ್ಮ ಕುಂಞಮ್ಮದ್‌ನ ಅತ್ತೆಯೂ ಇರಬಹುದು. ಪ್ರಪಂಚಕ್ಕೆ ವೇಗ ಕಲಿಸಿದ ಮನುಷ್ಯ ನಿಜ್ವಾದಿಂದ ಮಸ್ಕತ್ತಿಗೆ ಬರಲು ಮೂರು ಗಂಟೆ ತೆಗೆದುಕೊಳ್ಳುತ್ತಾನೆ ಎಂದರೆ ಯಾವ ನ್ಯಾಯಾಲಯ ಒಪ್ಪೀತು? ನನ್ನ ಕಾರಿಗೆ ಒಮ್ಮೆ ಟಾಪ್ ಗೇರ್ ತೋರಿಸಿ ಸ್ವಾಮಿ, ಅದಕ್ಕೂ ಆಸೆಯಿರುತ್ತದೆ.

ಸಮಿತಿಯ ಸಲಹೆ: ಎಲ್ಲೂ ಅಚ್ಚಾಗದ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಅವನನ್ನು ಕೇಳಿ. ಉತ್ತರ ಸರಿಯಾದರೆ ಇಬ್ಬರೂ ನಿಜ. ತಪ್ಪಾದರೆ ಯಾರೋ ಒಬ್ಬರು ಖಲಾಸ್.

ಶ್ರೀನಿವಾಸಮೂರ್ತಿ


ನಿಜ್ವಾ
27 ಜನವರಿ 2025

ಮೂರ್ತಿಯವರೇ,

ನೀವು ತಮಾಷೆಗೆ ಬರೆದದ್ದು ನನಗೆ ತಲೆಯಲ್ಲಿ ಕೂತಿತು. ಅಂಥದ್ದೊಂದು ಸಂಗತಿ ಉಂಟು. ಜೇನ್‌ಗೂ ಹೇಳಿದವನಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಈಗ ಹೇಳಿದರೆ ಬೇರೆ ಏನೇನು ಉಂಟು ಅಂತ ಕೇಳುತ್ತಾಳೆ.

ಊರಿನಲ್ಲಿ ನಾನು ಬ್ಯಾಂಡ್‌ಸೆಟ್ಟಿನವ. ನಮ್ಮ ಕಡೆ ಮದುವೆಯಾದರೆ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಮನೆಯವರೆಗೆ ಬ್ಯಾಂಡು ಮುಂದೆ, ದಿಬ್ಬಣ ಹಿಂದೆ. ಇಗರ್ಜಿಯ ಗೇಟಿನಲ್ಲಿ ನಿಧಾನ ಶುರು. ಗದ್ದೆ ದಾಟಿ ಮದುವೆಮನೆಯ ಚಪ್ಪರ ಕಂಡಿತೋ, ಡ್ರಮ್ಮಿನವ ವೇಗ ಏರಿಸಬೇಕು. ಇಲ್ಲದಿದ್ದರೆ ಹಿಂದಿನವರು ಮಾತಾಡುತ್ತಾ ಅಲ್ಲೇ ಉಳಿಯುತ್ತಾರೆ. ಕೊನೆಯ ತಿರುವಿನಲ್ಲಿ ಓಡಿದ ಹಾಗೆಯೇ ಬಾರಿಸುವುದು, ಕ್ಲಾರಿಯೊನೆಟ್ಟಿನವನ ಉಸಿರು ಹೋಗಬೇಕು. ಚಪ್ಪರದ ಕಂಬ ಬಂದಾಗ ಒಂದು ದೊಡ್ಡ ಪೆಟ್ಟು, ನಿಲ್ಲಿಸುವುದು. ಆಗ ನಮ್ಮ ಮಾಸ್ಟರ್ "ಕಾಪಿ!" ಅಂತ ಬೊಬ್ಬೆ ಹೊಡೆಯುತ್ತಿದ್ದ. ಎಲ್ಲರೂ ವಾದ್ಯ ಕೆಳಗಿಟ್ಟು ಕಾಪಿ ಕುಡಿಯಲು ಓಡುವುದು.

ವುಲ್ವರ್‌ಹ್ಯಾಂಪ್ಟನ್ನಿನ ಮೊದಲ ಪ್ರಾಕ್ಟೀಸಿನಲ್ಲಿ ನಾನು ಹಾಗೆಯೇ ಬಾರಿಸಿದೆ. ಶುರು ಮಾಡಿದ ವೇಗದಲ್ಲೇ ಪದ್ಯ ಮುಗಿಸಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ರಿಸ್ ಮತ್ತು ಉಳಿದ ಇಬ್ಬರು ನನ್ನ ಹಿಂದೆ ಓಡಿ ಓಡಿ ಬೆವರಿದರು. ಕೊನೆಗೆ ಅಭ್ಯಾಸಬಲದಿಂದ ನಾನು "ಕಾಪಿ!" ಅಂದೆ. ಬೈಯುತ್ತಾರೆ ಅಂತ ಗ್ರಹಿಸಿದೆ. ಕ್ರಿಸ್ ನನ್ನ ಮುಖವನ್ನೇ ನೋಡಿ "ಅಗೇನ್" ಅಂದ. ಎರಡನೆಯ ಸಲ ನಾನು ಶುರುವಿನಲ್ಲೇ ಚಪ್ಪರ ಕಂಡ ಹಾಗೆ ಬಾರಿಸಿದೆ. ಕೋಲ್ ಬಿಷಪ್‌ನ ಸ್ಪೀಡು ಅಂದರೆ ಇಷ್ಟೇ.

ಇದು ಎಲ್ಲೂ ಅಚ್ಚಾಗಿಲ್ಲ. "ನಾವು ಫಾಸ್ಟ್ ಆದದ್ದು ಹೇಗೆ?" ಅಂತ ನಿನ್ನೆ ಇಮೇಲಿನಲ್ಲಿ ಕೇಳಿದ್ದೇನೆ.

ಆಂಡ್ರ್ಯೂ


ನಿಜ್ವಾ
10 ಫೆಬ್ರವರಿ 2025

ಮೂರ್ತಿಯವರೇ,

ಉತ್ತರ ಬಂತು. ಬೀಗದ ಕಾರ್ಖಾನೆಯಲ್ಲಿ ತಗಡು ಒತ್ತುವ ಮೆಷಿನ್ ಇತ್ತು, ಅದರ ಬಡಿತ ಕೇಳಿ ಕೇಳಿ ನಾವು ಫಾಸ್ಟ್ ಆದೆವು ಅಂತ. ಇದು ಎಲ್ಲ ಪತ್ರಿಕೆಯಲ್ಲಿ ಬಂದ ಕತೆಯೇ. ಯಾರು ಬೇಕಾದರೂ ಬರೆಯಬಹುದು.

ಖಲಾಸ್. ಇವ ಕ್ರಿಸ್ ಅಲ್ಲ. ಕ್ರಿಸ್ ಆದರೆ ಇನ್ನೂ ಬೇಸರದ ಸಂಗತಿ. ಊರಿಗೆ ಬಂದು ಸಿಕ್ಕಿಕೊಂಡಾಗ ಮೀನಿನಂಗಡಿಯ ವಿಳಾಸಕ್ಕೆ ನಾನು ಮೂರು ಪತ್ರ ಹಾಕಿದ್ದೆ. ಒಂದಕ್ಕೂ ಜವಾಬಿಲ್ಲ. ವೀಸಾಕ್ಕೆ ಅವರ ಒಂದು ಕಾಗದ ಸಿಕ್ಕಿದ್ದರೆ ಸಾಕಿತ್ತು. ಮರೆತ ಮನುಷ್ಯ ಈಗ ಹಡಗಿನಲ್ಲಿ ಬಂದು ಎಂತ ಮಾಡುವುದು?

ನಾನು ಮತ್ರಾಕ್ಕೆ ಬರುವುದಿಲ್ಲ. ನಿಮ್ಮ ಕಾರು ಚೆನ್ನಾಗಿ ಉಂಟು, ನಿನ್ನೆ ತೊಳೆಸಿದೆ.

ಆಂಡ್ರ್ಯೂ


ಹಮ್ರಿಯಾ
16 ಫೆಬ್ರವರಿ 2025

ಆಂಡ್ರ್ಯೂ,

ಸಿಕ್ಕಿಬಿದ್ದ! ಎಂದು ಕೂಗಿ ಕುರ್ಚಿಯಿಂದೆದ್ದೆ. ಆಮೇಲೆ ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿ ಕೂತೆ. ಇದರಲ್ಲಿ ನನ್ನನ್ನು ಒಂದು ಸಲವೂ ಗೇಲಿ ಮಾಡಿಲ್ಲವಲ್ಲ?

ಸಮಿತಿಗೆ ಗುಪ್ತಚರ ವರದಿಯೊಂದು ಬಂದಿದೆ. ಗ್ಲೋರಿಯಾ ಹೇಳುತ್ತಾಳೆ: "ಡ್ಯಾಡಿ ಹಳೇ ಡ್ರಮ್ ಸ್ಟಿಕ್ಸ್ ಹುಡುಕಿ ತೆಗೆದು ಒರೆಸಿ ಟಿವಿ ಪಕ್ಕ ಇಟ್ಟಿದ್ರು ಅಂಕಲ್. ಈ ವಾರ ನಿಜ್ವಾಗೆ ಹೋದಾಗ ಇರಲಿಲ್ಲ." ಬರುವುದಿಲ್ಲ ಎನ್ನುವವರು ಕೋಲು ಒರೆಸುವುದೇಕೆ? ಒರೆಸಿದವರು ಬಚ್ಚಿಡುವುದೇಕೆ? ಇಷ್ಟು ದಿನ ನೀವು ಸುಳ್ಳು ಹೇಳುತ್ತಿದ್ದೀರಿ ಎಂಬ ಅನುಮಾನ ನನಗಿತ್ತು. ಈಗ, ನೀವು ಹೇಳಿದ್ದೆಲ್ಲ ನಿಜವಿರಬಹುದು ಎಂಬ ಅನುಮಾನ ಬಂದಿದೆ. ಇದು ಮೊದಲಿನದಕ್ಕಿಂತ ಕೆಟ್ಟದು, ನಿದ್ದೆ ಬರುವುದಿಲ್ಲ.

ಶುಕ್ರವಾರ ಹಡಗು ಬರುತ್ತದೆ. ನೀವು ಬರಬೇಡಿ, ಇರಲಿ. ನಾನು ಹೋಗುತ್ತೇನೆ. ಇಂಥ ನಕಲಿ ಮನುಷ್ಯನನ್ನು ಕಣ್ಣಾರೆ ಕಂಡು ಅಂಕಣ ಬರೆಯದಿದ್ದರೆ ನನ್ನ ಪೆನ್ನು ನನ್ನನ್ನು ಕ್ಷಮಿಸದು.

ಮೂರ್ತಿ


ನಿಜ್ವಾ
19 ಫೆಬ್ರವರಿ 2025

ಹೋಗುವುದಾದರೆ ಹೋಗಿ. ನನ್ನ ವಿಳಾಸ ಕೊಡಬೇಡಿ. ಹೇಗೆ ಕಾಣುತ್ತಾನೆ ಅಂತ ಮಾತ್ರ ಬರೆಯಿರಿ. ಎಡಗಿವಿಯ ಹತ್ತಿರ ಸುಟ್ಟ ಕಲೆ ಉಂಟಾ ನೋಡಿ. ಬೇಡ, ನೋಡಬೇಡಿ. ಕಲೆ ಯಾರಿಗೂ ಇರಬಹುದು.

ಆಂ.


(ಚೀಟಿ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದು.)
ಹಮ್ರಿಯಾ
21 ಫೆಬ್ರವರಿ 2025, ಮಧ್ಯಾಹ್ನ

ಆಂಡ್ರ್ಯೂ, ಸಮಿತಿ ತನ್ನ ಆಜ್ಞೆಯನ್ನು ತಾನೇ ಮುರಿಯುತ್ತಿದೆ. ಫೋನು ಎತ್ತುತ್ತಿಲ್ಲ ನೀವು, ಇದನ್ನಾದರೂ ಓದಿ.

ಮನುಷ್ಯ ನನ್ನ ಮನೆಯಲ್ಲಿ ಕೂತಿದ್ದಾನೆ. ಬಂದರಿನ ಗೇಟಿನ ಬಳಿ 'ಆಂಡಿ' ಎಂದು ಬರೆದ ರಟ್ಟು ಹಿಡಿದು ಬಿಸಿಲಲ್ಲಿ ನಿಂತಿದ್ದ. ಬಲಗೈ ನಡುಗುತ್ತದೆ, ಗಿಟಾರು ಬಿಟ್ಟು ಬಹಳ ಕಾಲವಾಯಿತಂತೆ. ಆಂಡಿ ಬರುವುದಿಲ್ಲ ಎಂದೆ. ತಲೆಯಾಡಿಸಿದ, ಅಲ್ಲೇ ನಿಂತ. ನಕಲಿಗಳು ಹೀಗೆ ನಿಲ್ಲುವುದಿಲ್ಲ. ಮನೆಗೆ ಕರೆತಂದೆ. ನಾನು ಡಿಕಾಕ್ಷನ್ ಹಾಕುವಾಗ ಅವನು ಸರಸ್ವತಿಯ ನೀರಿನ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ತಟ್ಟತೊಡಗಿದ. ನಿಧಾನ. ಆಮೇಲೆ ಸ್ವಲ್ಪ ಜೋರು. ಆಮೇಲೆ ಓಟ. ಕೊನೆಗೊಂದು ದೊಡ್ಡ ಪೆಟ್ಟು. ನಿಲ್ಲಿಸಿ, ಅಡಿಗೆಮನೆಯತ್ತ ಮುಖ ಮಾಡಿ "ಕಾಪಿ!" ಎಂದು ಕೂಗಿದ.

ನನ್ನ ಕೈಯಲ್ಲಿದ್ದ ಫಿಲ್ಟರು ನೆಲಕ್ಕೆ.

ನಾಲ್ಕೂವರೆಗೆ ಅವನು ಬಂದರಿನಲ್ಲಿರಬೇಕು. ನೀವು ನಿಮ್ಮ ವೇಗದಲ್ಲಿ ಬಂದರೆ ಹಡಗು ಮುಂಬಯಿ ಮುಟ್ಟಿರುತ್ತದೆ. ಯಲ್ಲಾ, ಬೇಗ ಹೊರಡಿ!


(ಜವಾಬು, ವಾಟ್ಸಾಪಿನಲ್ಲಿ.)

ಹೊರಟೆ.


ನಿಜ್ವಾ
24 ಫೆಬ್ರವರಿ 2025

ಪ್ರಿಯ ಮೂರ್ತಿಯವರೇ,

ಮೊನ್ನೆ ನಾನು ಬಂದ ಕೂಡಲೇ ನೀವು ಹಾಲು ತರುತ್ತೇನೆ ಅಂತ ಕೆಳಗೆ ಇಳಿದಿರಿ. ನಿಮ್ಮ ಫ್ರಿಜ್ಜಿನಲ್ಲಿ ಹಾಲು ಇತ್ತು, ನಾನು ನೋಡಿದೆ. ಉಪಕಾರವಾಯಿತು.

ನೀವು ಇಲ್ಲದಾಗ ನಡೆದದ್ದನ್ನು ಬರೆಯಬೇಕಲ್ಲ. ಕೂತ ಕೂಡಲೇ ನಾನು ಜಗಳಕ್ಕೇ ಶುರು ಮಾಡಿದೆ. "ಮೆಷಿನ್ ಅಂತ ಯಾಕೆ ಬರೆದೆ?" ಅಂತ ಕೇಳಿದೆ. ಅವ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. "ನೀನೇ ಅಲ್ವಾ ಆಣೆ ಹಾಕಿಸಿದ್ದು?" ಅಂದ.

ಆಗ ನೆನಪಾಯಿತು ಮಾರಾಯ್ರೆ. ಪತ್ರಿಕೆಯವರು ಮೊದಲ ಸಲ ಬಂದಾಗ ನಾನು ಹೆದರಿದ್ದೆ. ಮದುವೆ ದಿಬ್ಬಣದ ಪೆಟ್ಟನ್ನು ಹೆಂಡದಂಗಡಿಯಲ್ಲಿ ಬಾರಿಸುತ್ತೇನೆ ಅಂತ ಚಿಕ್ಕಮ್ಮನಿಗೆ ಗೊತ್ತಾದರೆ ಊರಿಗೆ ಬರೆಯುತ್ತಾಳೆ, ಊರಲ್ಲಿ ಪಾದ್ರಿಯವರು ಅಮ್ಮನನ್ನು ಕರೆಸುತ್ತಾರೆ. ಅದಕ್ಕೆ ಮೆಷಿನ್ನಿನ ಕತೆ ಕಟ್ಟಿದ್ದೇ ನಾನು. ಯಾರು ಕೇಳಿದರೂ ಇದನ್ನೇ ಹೇಳು ಅಂತ ಅವನ ಕೈ ಹಿಡಿದು ಮಾತು ತೆಗೆದುಕೊಂಡವನೂ ನಾನು. ನಾನು ಮರೆತೆ. ಅವ ಮರೆಯಲಿಲ್ಲ. ಹೆಂಡತಿಗೂ ಹೇಳಿಲ್ಲವಂತೆ. ಈಗ ಇಮೇಲಿನಲ್ಲಿ ಸರಿಯಾಗಿ ಅದೇ ಪ್ರಶ್ನೆ ಬಂದಾಗ, ಇವ ಆಂಡಿ ಅಲ್ಲ, ಗುಟ್ಟು ತೆಗೆಯಲು ಬಂದ ಯಾರೋ ಪತ್ರಿಕೆಯವ ಅಂತ ಅವನಿಗೆ ಸಂಶಯ. ಆಂಡಿಯೇ ಆದರೆ, ಮಾತು ಉಳಿಸಿದ್ದೇನೆ ಅಂತ ಸಂತೋಷಪಡುತ್ತಾನೆ ಅಂತ ಮೆಷಿನ್ ಬರೆದನಂತೆ.

ಆ ವಿಡಿಯೋದಲ್ಲಿ ಮುಖ ಗುರುತಾಗಲಿಲ್ಲವಂತೆ. ನಿಧಾನದ ಕ್ಯಾರೊಲ್ ಹಾಡು ಕೊನೆಯ ಸಾಲಿನಲ್ಲಿ ಓಡಿತಲ್ಲ, ಅದು ಗುರುತಾಯಿತಂತೆ.

ಮೂರು ಪತ್ರದ ವಿಷಯವನ್ನೂ ಕೇಳಿದೆ. ನಾನು ಊರಿಗೆ ಬಂದ ಸ್ವಲ್ಪ ದಿನಕ್ಕೇ ಮೀನಿನಂಗಡಿಯ ಸಾಲನ್ನೇ ಕೆಡವಿದರಂತೆ. ಒಂದೂ ಸಿಕ್ಕಿಲ್ಲ. ಇವರೂ ಬರೆದಿದ್ದರಂತೆ, ಲಕೋಟೆಯ ಮೇಲೆ 'ಆಂಡಿ, ಮ್ಯಾಂಗಲೋರ್, ಇಂಡಿಯಾ' ಅಂತ. ನಮ್ಮ ಪೋಸ್ಟ್‌ಮ್ಯಾನರು ಬುದ್ಧಿವಂತರು ಹೌದು, ಆದರೂ ಒಂದು ಅಂದಾಜು ಬೇಡವೆ? ನಾನು ಓಡಿಹೋದೆ ಅಂತ ಅವರು, ಅವರು ಬಿಟ್ಟುಬಿಟ್ಟರು ಅಂತ ನಾನು. ಇಬ್ಬರೂ ಮುದುಕರಾದೆವು.

ಆಮೇಲೆ ಅವ ಎಡಗೈ, ನಾನು ಎರಡೂ ಕೈ. ಅಷ್ಟೇ ಬರೆಯುತ್ತೇನೆ.

ನಾನು ಇಷ್ಟು ವರ್ಷ ಯಾಕೆ ಎಲ್ಲವನ್ನೂ ನಿಧಾನ ಮಾಡಿದೆ ಅಂತ ನೀವು ಗೇಲಿ ಮಾಡುತ್ತಿದ್ದಿರಿ. ವೇಗ ಏರಿಸುವುದು ಚಪ್ಪರ ಕಂಡಾಗ ಅಲ್ಲವಾ. ನನಗೆ ಕಾಣಲಿಲ್ಲ, ಅಷ್ಟೇ.

ನಿಮ್ಮ,
ಆಂಡ್ರ್ಯೂ

ತಾ.ಕ.: ಕಾರಿನ ವಿಷಯದಲ್ಲಿ ಹೇಳುವಂಥದ್ದು ಏನೂ ಇಲ್ಲ.


ಹಮ್ರಿಯಾ
27 ಫೆಬ್ರವರಿ 2025

ಶ್ರೀಮಾನ್ ಆಂಡಿ ಪಿಂಟ್ ಅವರಿಗೆ,

"ಕಾರಿನ ವಿಷಯದಲ್ಲಿ ಹೇಳುವಂಥದ್ದು ಏನೂ ಇಲ್ಲ" ಎಂಬ ವಾಕ್ಯವನ್ನು ಓದುತ್ತಿದ್ದಂತೆಯೇ ನನ್ನ ಫೋನು ಟಿಣ್ ಎಂದಿತು. ಪೊಲೀಸರ ಸಂದೇಶ. ಕಳೆದ ಶುಕ್ರವಾರ, ನಿಜ್ವಾ ದಾರಿಯ ಸಮಾಯಿಲ್ ಹತ್ತಿರ, ನೂರಿಪ್ಪತ್ತರ ರಸ್ತೆಯಲ್ಲಿ, ನನ್ನ ಹೆಸರಿನ ಬಿಳಿಯ ಕಾರು, ವೇಗ ನೂರಾ ಐವತ್ತೊಂದು. ಹನ್ನೆರಡು ವರ್ಷದ ಪಾತಿವ್ರತ್ಯ ಒಂದೇ ಮಿಂಚಿನಲ್ಲಿ ಮುಗಿಯಿತು. ಆ ಕಾರು ಅಷ್ಟು ಓಡಬಲ್ಲದೆಂದು ಅದನ್ನು ಮಾರಿದವನಿಗೂ ಗೊತ್ತಿರಲಾರದು.

ದಂಡದ ಮಾತು ಎತ್ತಿದಿರೋ, ನಮ್ಮ ಸ್ನೇಹ ಖಲಾಸ್. ಅದು ನನ್ನದು. ಸಮಿತಿಗೆ ಬೇಕಿದ್ದ ದಾಖಲೆಯನ್ನು ಸರ್ಕಾರವೇ ಕಳಿಸಿಕೊಟ್ಟಿದೆ. ಆರೋಪಿಯು ಇಂಗ್ಲೆಂಡಿನಲ್ಲಿ ಅತಿ ವೇಗದ ಡ್ರಮ್ಮರ್ ಆಗಿದ್ದನೆಂಬುದು ರಡಾರಿನಿಂದ ಸಾಬೀತಾಗಿದೆ. ಸಮಿತಿಯನ್ನು ವಿಸರ್ಜಿಸಲಾಗಿದೆ. ಅಧ್ಯಕ್ಷರು ಕಣ್ಣೊರೆಸಿಕೊಂಡರು, ಸದಸ್ಯರು ನೋಡದವರಂತೆ ನಟಿಸಿದರು.

ಒಂದು ಮಾತು ನಾನೂ ಮುಚ್ಚಿಟ್ಟಿದ್ದೆ. ಅವತ್ತು ಹಾಲಿನ ಅಂಗಡಿಗೆ ನಾನು ಹೋಗಲೇ ಇಲ್ಲ. ಒಂದು ಮಹಡಿ ಇಳಿದು ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗಿನ ಮನೆಯ ಸಫ್ವಾನ್ ಬಾಗಿಲು ತೆಗೆದು, "ಮೂರ್ತಿ ಸಾಬ್, ಊಪರ್ ಕ್ಯಾ ಹೋ ರಹಾ ಹೈ?" ಎಂದು ಕೇಳಿದ. "ಶಾದಿ" ಎಂದೆ. "ಕಿಸ್‌ಕೀ?" ಎಂದ. ಅಷ್ಟರಲ್ಲಿ ಮೇಲೆ ವೇಗ ಏರಿತು. ಅವನೂ ಪಕ್ಕದಲ್ಲಿ ಕೂತ.

ಅವನಿಗೂ ನನಗೂ ಒಟ್ಟಿಗೇ ಕೇಳಿಸಿತು: ಒಂದು ದೊಡ್ಡ ಪೆಟ್ಟು, ಇಬ್ಬರು ಮುದುಕರ "ಕಾಪಿ!", ಅದರ ಬೆನ್ನಿಗೇ ಇನ್ನೊಂದು ಸದ್ದು. ಆ ಇನ್ನೊಂದರ ಬಗ್ಗೆ ನೀವು ನಿಮ್ಮ ಕಾಗದದಲ್ಲಿ ಜಾಣತನದಿಂದ ಮೌನ ವಹಿಸಿದ್ದೀರಿ. ಚೂರುಗಳನ್ನು ಸೋಫಾದ ಕೆಳಗೆ ಗುಡಿಸಿ ಹೋದವರಾರು ಎಂದು ವಿಚಾರಿಸಲು ಸಮಿತಿ ಈಗ ಅಸ್ತಿತ್ವದಲ್ಲಿಲ್ಲ.

ಆದರೆ ಸರಸ್ವತಿ ಅಸ್ತಿತ್ವದಲ್ಲಿದ್ದಾಳೆ. ಬುಧವಾರದ ವಿಮಾನಕ್ಕೆ ಬರುತ್ತಾಳೆ. ಆದ್ದರಿಂದ ಒಂದು ಸಣ್ಣ ಉಪಕಾರ: ಆ ಮಡಕೆಯನ್ನು ಅವಳು ಕೊಂಡದ್ದು ನಿಮ್ಮ ನಿಜ್ವಾ ಪೇಟೆಯ ಸೂಕಿನಲ್ಲೇ, ಕೋಟೆಯ ಪಕ್ಕದ ಮಡಕೆ ಸಾಲಿನಲ್ಲಿ. ಅಂಥದ್ದೇ ಒಂದು ತೆಗೆದುಕೊಳ್ಳಿ. ಗಿಡ್ಡ ಕತ್ತು, ಹೊಟ್ಟೆಯ ಸುತ್ತ ಎರಡು ಗೆರೆ. ಕೊಳ್ಳುವ ಮೊದಲು ತಟ್ಟಿ ನೋಡಿ, ನಿಮಗೆ ಹೇಳಿಕೊಡಬೇಕಾಗಿಲ್ಲ. ಮಂಗಳವಾರದೊಳಗೆ ತನ್ನಿ, ಮತ್ತು ದಯವಿಟ್ಟು ಎಂಬತ್ತಕ್ಕೇ ಬನ್ನಿ. ಮಡಕೆ ಹಿಂದಿನ ಸೀಟಿನಲ್ಲಿರುತ್ತದೆ.

ಶ್ರೀನಿವಾಸಮೂರ್ತಿ